ಆ ಹೊತ್ತನ್ನು ನಾನು ಹೇಳಲಿಲ್ಲ

೧೯೯೭ನೇ ಇಸವಿ, ತುಳಸಿ ಹಬ್ಬದ ಮರುದಿನ, ಬುಧವಾರ ಬೆಳಗ್ಗೆ. ಸ್ಥಳ, ಭದ್ರಾವತಿಯಲ್ಲಿ ನನ್ನ ಗೆಳತಿಯ ಮನೆಯ ನಡುಮನೆ. ಹಾಜರಿದ್ದವರು ಇಬ್ಬರೇ: ಮಂಚದ ಮೇಲೆ ಗೆಳತಿಯ ಗಂಡ, ಪಕ್ಕದ ಕುರ್ಚಿಯಲ್ಲಿ ನಾನು. ಗೆಳತಿ ಹಿತ್ತಲ ಬಚ್ಚಲಿಗೆ ಸ್ನಾನಕ್ಕೆ ಹೋಗಿದ್ದಳು. ಏಳು ತಿಂಗಳ ಬಸುರಿ ಮಗಳು ಒಳಕೋಣೆಯಲ್ಲಿ ಮಲಗಿದ್ದಳು. ಗಂಟೆ ಎಷ್ಟಾಗಿತ್ತು ಎಂಬುದನ್ನು ಬರೆಯುವುದಿಲ್ಲ. ಗೊತ್ತಿಲ್ಲದೆ ಅಲ್ಲ, ಬರೆಯಬಾರದು ಅಂತಲೇ.

ಶಿವಮೊಗ್ಗದ ಆಸ್ಪತ್ರೆಯಲ್ಲಿ ನರ್ಸಾಗಿ ಸೇರಿ ವಾರ್ಡ್ ಸಿಸ್ಟರ್ ಆಗಿ ನಿವೃತ್ತಳಾದವಳು ನಾನು. ಉಸಿರು ನಿಂತ ಕೂಡಲೇ ಕಣ್ಣು ತಾನಾಗಿ ಕೈಗಡಿಯಾರಕ್ಕೆ ಹೋಗುತ್ತದೆ. ಅಳು ಬಂದರೂ ಅದು ಆಮೇಲಿನದು. ಮೊದಲು ಗಂಟೆ, ಆಮೇಲೆ ನಾಡಿ ಇನ್ನೊಮ್ಮೆ, ಆಮೇಲೆ ಕಣ್ಣು ಮುಚ್ಚುವುದು, ಗದ್ದ ಕಟ್ಟುವುದು, ಕೈಕಾಲು ನೇರ ಮಾಡುವುದು. ಅಂದೂ ಅದನ್ನೇ ಮಾಡಿದೆ. ಎಲ್ಲ ಮುಗಿದ ಮೇಲೆ ಸ್ವಲ್ಪ ಹೊತ್ತು ಅವರ ಕೈ ಹಿಡಿದು ಸುಮ್ಮನೆ ಕೂತೆ. ಆಮೇಲೆ ಎದ್ದು ಹಿತ್ತಲ ಬಾಗಿಲಿಗೆ ಹೋಗಿ ಗೆಳತಿಯನ್ನು ಕರೆದೆ, ಬೀದಿ ಬಾಗಿಲಿಗೆ ಹೋಗಿ ಎದುರು ಮನೆಯವರನ್ನು ಕೂಗಿದೆ.

ಗೆಳತಿ ಯಾರು ಎಂದು ಹೇಳಬೇಕು. ನರ್ಸಿಂಗ್ ತರಬೇತಿಗೆ ಸೇರಿದಾಗ ಹಾಸ್ಟೆಲಿನಲ್ಲಿ ನಮ್ಮಿಬ್ಬರದು ಅಕ್ಕಪಕ್ಕದ ಮಂಚ. ಬೆಳಗ್ಗೆ ಐದಕ್ಕೆ ಗಂಟೆ. ಗಂಟೆ ನಿಲ್ಲುವುದರೊಳಗೆ ಹೊದಿಕೆ ಮಡಿಸಿ, ಹಾಸಿಗೆಯ ಮೂಲೆ ಚೂಪಾಗಿ ಒಳಗೆ ಸೇರಿಸಿ ನಿಂತಿರಬೇಕು. ನನಗೆ ಅದು ಮೊದಲ ದಿನವೇ ಹಿಡಿಸಿತು. ಅವಳಿಗೆ ಕೊನೆಯ ದಿನದವರೆಗೂ ಹಿಡಿಸಲಿಲ್ಲ. ಅವಳ ಹಾಸಿಗೆಯನ್ನೂ ನಾನೇ ಸರಿಮಾಡುತ್ತಿದ್ದೆ. ಬದಲಿಗೆ ಅವಳು ಮೇಟ್ರನ್ನಿನ ನಡಿಗೆಯನ್ನು ಅಣಕಿಸಿ ನನ್ನನ್ನು ನಗಿಸುತ್ತಿದ್ದಳು. ತರಬೇತಿ ಮುಗಿಯುವ ಮೊದಲೇ ಭದ್ರಾವತಿಯ ಕಾರ್ಖಾನೆಯಲ್ಲಿ ಕೆಲಸದಲ್ಲಿದ್ದ ಹುಡುಗನ ಸಂಬಂಧ ಬಂತು, ಬಿಟ್ಟು ಹೋದಳು. ನಾನು ಮದುವೆಯಾಗಲಿಲ್ಲ. ವಾರದ ರಜೆ ಬಂದರೆ ಬಸ್ಸು ಹತ್ತಿ ಅವಳ ಮನೆಗೆ ಹೋಗುವುದೇ ನನ್ನ ರೂಢಿ. ನಾನು ಗೇಟು ತೆಗೆಯುವುದು ಕಂಡರೆ ಅವಳ ಗಂಡ ಒಳಗಿನಿಂದಲೇ ಕೂಗುತ್ತಿದ್ದರು: "ಬಂದ್ಳು ಕಣೇ ಗಡಿಯಾರದಮ್ಮ. ಟೀ ಇಡು. ಎರಡು ನಿಮಿಷ ತಡ ಆದ್ರೆ ನೋಟಿಸ್ ಕೊಡ್ತಾಳೆ."

ಅವರದು ಪಾಳಿಯ ಬದುಕು. ಒಂದು ವಾರ ಹಗಲು, ಒಂದು ವಾರ ಮಧ್ಯಾಹ್ನ, ಒಂದು ವಾರ ರಾತ್ರಿ. ಊಟ, ನಿದ್ದೆ, ಜಗಳ, ಎಲ್ಲಕ್ಕೂ ಕಾರ್ಖಾನೆಯ ಸೈರನ್ನೇ ಲೆಕ್ಕ. ಸೈರನ್ ಆದಮೇಲೆ ಅನ್ನಕ್ಕಿಡು, ಸೈರನ್ನಿಗೆ ಮುಂಚೆ ಮಗೂನ ಎಬ್ಬಿಸು. ಕಾರ್ಖಾನೆಯಿಂದ ಬೇಗ ನಿವೃತ್ತಿ ತೆಗೆದುಕೊಂಡ ಮೇಲೂ ಅವರು ಕೈಗೆ ಗಡಿಯಾರ ಕಟ್ಟಲಿಲ್ಲ. ಆಮೇಲೆ ಶ್ವಾಸಕೋಶದ ಕಾಯಿಲೆ ಬಂತು. ಡಾಕ್ಟರು ಕೈಚೆಲ್ಲಿ ಮನೆಗೆ ಕಳಿಸಿದರು. ಆಗಲೇ ನಿವೃತ್ತಳಾಗಿದ್ದ ನಾನು ಶಿವಮೊಗ್ಗದ ಆಲ್ಕೊಳದ ನನ್ನ ಬಾಡಿಗೆ ಮನೆಯಿಂದ ದಿನಾ ಬೆಳಗ್ಗೆ ಮೊದಲ ಬಸ್ಸಿಗೆ ಹೋಗಿ ಸಂಜೆ ಬಸ್ಸಿಗೆ ಬರುತ್ತಿದ್ದೆ. ಹೊತ್ತು ಹೊತ್ತಿಗೆ ಮಾತ್ರೆ, ಮಗ್ಗುಲು ಬದಲಾಯಿಸುವುದು, ಬೆನ್ನಿಗೆ ಪೌಡರು, ಗಂಜಿ. ಒಂದು ದಿನವೂ ತಪ್ಪಲಿಲ್ಲ.

ಇಷ್ಟು ಸಾಕು. ಈಗ ಬುಧವಾರಕ್ಕೆ ಬರುತ್ತೇನೆ.

ಹನ್ನೊಂದರ ಹೊತ್ತಿಗೆ ಮನೆ ತುಂಬಿತ್ತು. ಅವರನ್ನು ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದ್ದರು. ಶಿವಮೊಗ್ಗದಿಂದ ಗೆಳತಿಯ ಮೈದುನ ಬಂದ. ಸವಳಂಗ ರಸ್ತೆಯಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. ಅಣ್ಣನ ಕಾಲಿಗೆ ಬಿದ್ದು ಅತ್ತ. ನಿಜವಾದ ಅಳುವೇ. ಆದರೆ ಅವನ ಚೀಲದಲ್ಲಿ ಒಂದು ಹೊಸ ಬೀಗ ಇತ್ತು, ಪ್ಲಾಸ್ಟಿಕ್ ಕವರನ್ನೂ ಬಿಚ್ಚಿರಲಿಲ್ಲ. ಅದು ಯಾಕೆ ಅಂತ ನನಗೆ ಆಗಲೇ ಹೊಳೆಯಿತು.

ನಮ್ಮ ಕಡೆ ಗೊತ್ತಿಲ್ಲದವರು ಯಾರೂ ಇಲ್ಲ, ಆದರೂ ಹೇಳುತ್ತೇನೆ. ಕೆಲವು ನಕ್ಷತ್ರಗಳಲ್ಲಿ ಪ್ರಾಣ ಹೋದರೆ ಆ ಮನೆಯನ್ನು ಬಿಡಬೇಕು. ಇಷ್ಟು ತಿಂಗಳು ಅಂತ ಒಂದೊಂದು ನಕ್ಷತ್ರಕ್ಕೆ ಒಂದೊಂದು ಲೆಕ್ಕ. ಹೆಣ ಹೊರಟ ಬೆನ್ನಿಗೆ ಬೀಗ ಹಾಕಿ, ಬಾಗಿಲಿಗೆ ಮುಳ್ಳಿನ ಕೊಂಬೆ ಇಟ್ಟು ನಡೆಯಬೇಕು. ಮಣ್ಣು ಮುಗಿಸಿ ಬಂದವರು ಮತ್ತೆ ಆ ಹೊಸ್ತಿಲು ತುಳಿಯುವಂತಿಲ್ಲ. ಬಿಡದಿದ್ದರೆ ಅದೇ ಮನೆಯಲ್ಲಿ ಇನ್ನೊಂದು ಸಾವು ಅನ್ನುತ್ತಾರೆ. ಸೂತಕ ಇಲ್ಲದ ಧರ್ಮ ನಮ್ಮದು ಎಂದು ವೇದಿಕೆಯ ಮೇಲೆ ಭಾಷಣ ಮಾಡುವವರೂ ಮನೆಗೆ ಬಂದು ಪಂಚಾಂಗವನ್ನೇ ಬಿಚ್ಚುತ್ತಾರೆ.

ಮಣ್ಣು ಮಾಡಿಸಲು ಬಂದಿದ್ದ ಐನೋರು ಅದನ್ನೇ ಬಿಚ್ಚಿದರು. ವಯಸ್ಸಾದವರು, ಮೆತ್ತಗಿನ ಮಾತು, ಕೆಟ್ಟವರಲ್ಲ. ಬೆರಳಿಟ್ಟು ನೋಡಿ ಹೇಳಿದರು: "ಇವತ್ತು ಬೆಳಗ್ಗೆ ಹೆಚ್ಚೂಕಡಿಮೆ ಎಂಟರ ತನಕ ರೇವತಿ. ಆಮೇಲೆ ಅಶ್ವಿನಿ. ಅಶ್ವಿನೀಲಿ ಹೋಗಿದ್ರೆ ಏನೂ ದೋಷ ಇಲ್ಲ, ಇಲ್ಲೇ ಇರಬಹುದು. ರೇವತೀಲಿ ಹೋಗಿದ್ರೆ ಮೂರು ತಿಂಗಳು ಮನೆ ಬಿಡಬೇಕಾಗುತ್ತೆ. ಎಷ್ಟು ಹೊತ್ತಿಗೆ ಹೋದದ್ದು?"

ಒಂದು ಮನೆ ಉಳಿಯುವುದು ಬಿಡುವುದು ಎಂಟು ಗಂಟೆಯ ಆಚೆ ಈಚೆ ಎಂದಾಯಿತು. ಬಿಟ್ಟರೆ ಗೆಳತಿ ಮೈದುನನ ಮನೆಯ ಹಿಂದಿನ ಕೋಣೆಗೆ ಹೋಗಬೇಕು. ಮಗಳ ಹೆರಿಗೆ, ಬಾಣಂತನ ಎಲ್ಲ ಅಲ್ಲೇ, ಪೈಪು, ಮೊಳೆ, ಪೇಂಟಿನ ಡಬ್ಬಗಳ ನಡುವೆ. ಇಲ್ಲವಾದರೆ ಹೊಳೆಹೊನ್ನೂರಿನ ಬೀಗರು ಸೊಸೆಯನ್ನು ಕರೆದುಕೊಂಡು ಹೋಗುತ್ತಾರೆ, ಇವಳು ಒಬ್ಬಳೇ ಆ ಕೋಣೆಯಲ್ಲಿ.

ಗೆಳತಿ ಗಂಡನ ಪಕ್ಕದಲ್ಲಿ ಚಾಪೆಯ ಮೇಲೆ ಕೂತಿದ್ದಳು. ಅಲ್ಲಿಯವರೆಗೆ ಒಂದು ಹನಿಯೂ ಅತ್ತಿರಲಿಲ್ಲ. ತಲೆಯೆತ್ತಿ ಸ್ಪಷ್ಟವಾಗಿ ಹೇಳಿದಳು: "ನಾನು ಮೊದಲನೇ ಚೊಂಬು ನೀರು ಹಾಕ್ಕೊಳ್ವಾಗ ಎಂಟರ ಸೈರನ್ ಆಯ್ತು. ಅದಾದ್ಮೇಲೆ ಇವಳು ಕರೆದದ್ದು."

"ಹಾಗಾದ್ರೆ ಅಶ್ವಿನಿ," ಎಂದರು ಐನೋರು.

ಎದುರು ಮನೆಯ ಲಾರಿ ಮೆಕ್ಯಾನಿಕ್ ಬಾಗಿಲಲ್ಲಿ ನಿಂತಿದ್ದರು. ಮುಸಲ್ಮಾನರು, ಗೆಳತಿಯ ಗಂಡನ ಜೊತೆ ಸಂಜೆ ಜಗಲಿಯ ಮೇಲೆ ಕೂತು ರೇಡಿಯೋ ಕೇಳುತ್ತಿದ್ದ ದೋಸ್ತ್. ಅವರಿಗೆ ಪಂಚಾಂಗ ಬೇಕಿಲ್ಲ, ಆದರೆ ನೆನಪು ತಪ್ಪಾಗಬಾರದು ಅನ್ನುವ ಮನುಷ್ಯ. "ಇಲ್ಲ ಭಾಭಿ," ಅಂದರು. "ಸಿಸ್ಟರ್ ಕೂಗಿದ್ದು ಕೇಳಿ ನಾನು ಓಡಿ ಬಂದೆ ನೋಡಿ, ನಿಮ್ಮ ಗೇಟು ದಾಟುವಾಗ ಸೈರನ್ ಶುರು ಆಯ್ತು. ಖುದಾ ಕಸಮ್, ಈ ಕಿವೀಲಿ ಕೇಳಿದೆ."

"ಹಾಗಾದ್ರೆ ರೇವತಿ," ಎಂದರು ಐನೋರು.

ಮೈದುನ ಚೀಲಕ್ಕೆ ಕೈ ಹಾಕಿದ. ಓಣಿಯ ಇನ್ನಿಬ್ಬರು, ಒಬ್ಬ ಮೊದಲು ಅಂದ, ಒಬ್ಬ ಆಮೇಲೆ ಅಂದ. ಇಬ್ಬರೂ ಸೈರನ್ ಕೇಳಿಸಿಕೊಂಡವರೇ. ಮಾತು ಏರಿತು. ಹೆಣದ ಮುಂದೆ ಸೈರನ್ನಿನ ಪಂಚಾಯ್ತಿ.

ಆಗ ಒಳಕೋಣೆಯ ಬಾಗಿಲು ಹಿಡಿದು ಮಗಳು ಬಂದಳು. ಮುಖ ಊದಿತ್ತು. "ನಿಮಗೆಲ್ಲ ಏನಾಗಿದೆ?" ಅಂದಳು. "ಸೈರನ್ ಎಲ್ಲಿ ಕೂಗ್ತು? ರಿಪೇರಿಗೆ ಇಳಿಸಿ ವಾರ ಆಯ್ತಲ್ಲ. ಅಪ್ಪ ದಿನಾ ಕೇಳ್ತಿದ್ರು, ಯಾಕಮ್ಮ ಇವತ್ತೂ ಸೈರನ್ ಆಗ್ಲಿಲ್ಲ, ಕಾರ್ಖಾನೆ ಮುಚ್ಚಿಬಿಟ್ರಾ ಅಂತ. ನಿನ್ನೆ ರಾತ್ರೀನೂ ಕೇಳಿದ್ರು."

ಮೈದುನ ಚೀಲದಿಂದ ಕೈ ತೆಗೆದ.

"ಅರೆ, ಹೌದಲ್ಲ," ಅಂದರು ಮೆಕ್ಯಾನಿಕ್, ಹಣೆ ಹೊಡೆದುಕೊಂಡು. "ಸೈರನ್ ಇಲ್ಲ ಅಂತ ನಮ್ಮ ಗ್ಯಾರೇಜಿನೋರು ಲೇಟಾಗಿ ಬರ್ತಾರೆ ಅಂತ ನಾನೇ ದಿನಾ ಬೈತಿದ್ದೀನಿ. ಮತ್ತೆ ನಾನು ಕೇಳಿದ್ದು ಏನು?" ಅವರಿಗೆ ನಗು ಬಂತು, ನಗುವಿನ ಹಿಂದೆಯೇ ಅಳು ಬಂತು, ಟವಲಿನಲ್ಲಿ ಮುಖ ಮುಚ್ಚಿಕೊಂಡರು.

ಯಾರೂ ಸುಳ್ಳು ಹೇಳಿರಲಿಲ್ಲ. ಆ ಊರಿನವರ ಕಿವಿಯೇ ಹಾಗೆ. ಎಂಟಕ್ಕೆ ಅದು ಕೂಗಲೇಬೇಕು, ಕೂಗದಿದ್ದರೆ ಕಿವಿಯೇ ಕೂಗಿಕೊಳ್ಳುತ್ತದೆ. ಬೇರೆ ಊರಿನಲ್ಲಿ ಇಂಥ ತಪ್ಪು ಯಾರೂ ಮಾಡಲಾರರು.

ಡಾಕ್ಟರು ಬಂದದ್ದು ಹತ್ತಕ್ಕೆ, ಪ್ರಾಣ ಹೋದದ್ದು ಬೆಳಗ್ಗೆ ಎಂದಷ್ಟೇ ಬರೆದುಕೊಟ್ಟಿದ್ದರು. ಈಗ ಉಳಿದವಳು ನಾನು. ಎಲ್ಲರ ಕಣ್ಣು ನನ್ನ ಎಡಗೈ ಮಣಿಕಟ್ಟಿನ ಮೇಲೆ.

"ಸಿಸ್ಟರಮ್ಮ, ಪಕ್ಕದಲ್ಲಿ ಇದ್ದೋರು ನೀವು," ಎಂದರು ಐನೋರು. "ನೀವು ನೋಡಿರ್ತೀರಿ."

"ನೋಡಿದ್ದೀನಿ."

"ಎಷ್ಟಾಗಿತ್ತು?"

"ಹೇಳಲ್ಲ."

ನೋಡಲಿಲ್ಲ ಅಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು ಅಂತ ಆಮೇಲೆ ಬಹಳ ಜನ ಹೇಳಿದರು. ನಾನು ನೋಡಲಿಲ್ಲ ಅಂದರೆ ಆ ಕೋಣೆಯಲ್ಲಿ ಒಬ್ಬರೂ ನಂಬುತ್ತಿರಲಿಲ್ಲ. ಅದಕ್ಕಿಂತ ಹೆಚ್ಚಾಗಿ, ಗೊತ್ತಿರುವುದನ್ನು ಗೊತ್ತಿಲ್ಲ ಅನ್ನುವುದು ಹೆದರಿದವರ ಕೆಲಸ. ನನಗೆ ಹೆದರಿಕೆ ಇರಲಿಲ್ಲ, ಸಿಟ್ಟಿತ್ತು.

"ಯಾಕೆ ತಾಯಿ?" ಎಂದರು ಐನೋರು.

"ಆ ಹೊತ್ತು ಅವರದು. ಅದರಲ್ಲಿ ನಿಮ್ಮ ಪಂಚಾಂಗಕ್ಕೆ ಕೆಲಸ ಇಲ್ಲ."

ಮೈದುನ ಎದ್ದು ನಿಂತ. "ನಿಮಗೇನ್ರೀ? ಗಂಡ ಇಲ್ಲ, ಮಕ್ಕಳಿಲ್ಲ. ಸಂಜೆ ಬಸ್ಸು ಹತ್ತಿ ಶಿವಮೊಗ್ಗಕ್ಕೆ ಹೋಗ್ತೀರಿ. ಮನೇಲಿ ಇರೋರು ನಾವು."

"ಈ ಮನೇಲಿ ಇರೋರು ನೀವಲ್ಲ. ನೀವಿರೋದು ಸವಳಂಗ ರಸ್ತೇಲಿ."

ಹಿಂದೆ ಯಾರೋ ಕಿಸಕ್ಕೆಂದರು. ಮೈದುನನ ಮುಖ ಕೆಂಪಾಯಿತು. "ನನಗೆ ಎರಡು ಸಲ ಎದೆನೋವು ಬಂದಿದೆ. ನಾಳೆ ನಂಗೇನಾದ್ರೂ ಆದ್ರೆ? ಈ ಹುಡುಗಿಗೆ ಏನಾದ್ರೂ ಆದ್ರೆ? ಯಾರು ಹೊಣೆ?"

"ನಾನೇ ಹೊಣೆ. ಎಲ್ಲರ ಎದುರಿಗೆ ಹೇಳ್ತಿದ್ದೀನಿ. ಸರಿಯಾ?"

ಅವನು ಕೂತ. ಹೊಣೆ ಹೊರಲು ಒಬ್ಬರು ಸಿಕ್ಕರೆ ಜನಕ್ಕೆ ಅರ್ಧ ಭಯ ಇಳಿಯುತ್ತದೆ. ಇದನ್ನು ವಾರ್ಡಿನಲ್ಲಿ ಎಷ್ಟೋ ಸಲ ಕಂಡಿದ್ದೆ.

ನನ್ನ ಸಿಟ್ಟಿಗೆ ಕಾರಣ ಇತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ನಮ್ಮಪ್ಪ ತೀರಿಕೊಂಡರು. ಯಾವುದೋ ನಕ್ಷತ್ರ ಅಂದರು, ಮನೆ ಬಿಡಿ ಅಂದರು. ನಮ್ಮಮ್ಮ ಬಾಯಿ ತೆರೆಯದೆ ನನ್ನನ್ನೂ ತಮ್ಮನನ್ನೂ ಕರೆದುಕೊಂಡು ಶಿವಮೊಗ್ಗದಲ್ಲೇ ಸಂಬಂಧಿಕರೊಬ್ಬರ ಉಗ್ರಾಣಕ್ಕೆ ಹೋದರು. ಕಿಟಕಿಯಿಲ್ಲದ ಜಾಗ, ನೆಲ ಸದಾ ಒದ್ದೆ. ಒಂದು ಸೌಟು ಬೇಕಾದರೂ ಕೇಳಿ ಪಡೆಯಬೇಕು. ಅಪ್ಪನನ್ನು ನೆನೆದು ಅಳಲು ಅಮ್ಮನಿಗೆ ಅಲ್ಲಿ ಒಂದು ಮೂಲೆ ಇರಲಿಲ್ಲ. ಅತ್ತರೆ ಆ ಮನೆಯವರಿಗೆ ಅಪಶಕುನ. ನನ್ನ ತಮ್ಮನಿಗೆ ಅಲ್ಲಿ ಜ್ವರ ಹಿಡಿಯಿತು. ಜೀವ ಉಳಿಸಿಕೊಳ್ಳಲು ಹೋದ ಜಾಗದಲ್ಲೇ ಅವನು ಹೋದ. ಬಂದವರು ಏನಂದರು? "ನಕ್ಷತ್ರ ಎಷ್ಟು ಬಲವಾಗಿತ್ತು ನೋಡಿ, ಅಲ್ಲಿಗೂ ಬಂತು" ಅಂದರು. ಮನೆ ಬಿಟ್ಟರೂ ಗೆಲ್ಲುವುದು ಅದೇ, ಬಿಡದಿದ್ದರೂ ಗೆಲ್ಲುವುದು ಅದೇ. ಇಂಥ ಆಟಕ್ಕೆ ನಾನು ಯಾಕೆ ಕೂರಲಿ?

ಗೆಳತಿ ಚಾಪೆಯಿಂದ ಎದ್ದಳು. ನನ್ನ ತೋಳು ಹಿಡಿದು ಅಡುಗೆಮನೆ ದಾಟಿ ಹಿತ್ತಲಿಗೆ ಎಳೆದುಕೊಂಡು ಹೋದಳು. ಹಿಂದಿನ ದಿನದ ತುಳಸಿ ಪೂಜೆಯ ಕಬ್ಬಿನ ಜಲ್ಲೆ, ನೆಲ್ಲಿಯ ಕೊಂಬೆ ಕಟ್ಟೆಯ ಮೇಲೆ ಇನ್ನೂ ಹಾಗೇ ಇದ್ದವು. ಒಗೆಯುವ ಕಲ್ಲಿನ ಮೇಲೆ ನನ್ನನ್ನು ಕೂರಿಸಿ ಎದುರು ನಿಂತಳು.

"ಅವರಿಗೆ ಬೇಡ. ನನಗೊಬ್ಬಳಿಗೆ ಹೇಳು."

"ಹೇಳಿದ್ರೆ ಏನ್ ಮಾಡ್ತೀಯ?"

"ಕೆಟ್ಟ ಹೊತ್ತಾದ್ರೆ ಮಗಳನ್ನ ಕರ್ಕೊಂಡು ಈಗಲೇ ಹೊರಡ್ತೀನಿ. ಒಳ್ಳೇದಾದ್ರೆ ಇಲ್ಲೇ ಇರ್ತೀನಿ."

"ನಿಂಗೆ ಏನ್ ಅನ್ಸುತ್ತೆ? ಹೋಗ್ಬೇಕು ಅಂತಲೋ ಇರ್ಬೇಕು ಅಂತಲೋ?"

"ನಂಗೆ ಅನ್ಸೋದು ಕಟ್ಕೊಂಡು ಏನಾಗ್ಬೇಕೇ! ಅವಳ ಹೊಟ್ಟೇಲಿ ಮಗು ಇದೆ. ಒಂದು ಹೋಯ್ತು, ಇನ್ನೊಂದು ಹೋಗ್ಬಾರ್ದು. ಅಷ್ಟೇ. ಮೂರು ತಿಂಗಳು ಬೀದೀಲಿರು ಅಂದ್ರೂ ಇರ್ತೀನಿ. ಒಂದು ಕಾಲ ಮೇಲೆ ನಿಲ್ಲು ಅಂದ್ರೂ ನಿಲ್ತೀನಿ."

"ಹಾಗೆ ನಿಂತೋರನ್ನ ನಾನು ನೋಡಿದ್ದೀನಿ. ನಮ್ಮಮ್ಮನೂ ನಿಂತಿದ್ರು."

"ನಿಮ್ಮಮ್ಮನ ಕತೆ ನಂಗೊತ್ತು. ಹಾಸ್ಟೆಲಲ್ಲಿ ನೂರು ಸಲ ಹೇಳಿದ್ದೀಯ." ಅವಳ ದನಿ ಗಟ್ಟಿಯಾಯಿತು. "ನೀನೇನು ದೊಡ್ಡ ಧೈರ್ಯವಂತೆ ಅನ್ಕೊಂಡಿದ್ದೀಯ? ಎಂಟಕ್ಕೆ ಮಾತ್ರೆ, ಹತ್ತಕ್ಕೆ ಗಂಜಿ, ಹನ್ನೆರಡಕ್ಕೆ ಮಗ್ಗುಲು. ಒಂದು ನಿಮಿಷ ಆಚೆ ಈಚೆ ಆದ್ರೆ ನನ್ನ ಮೇಲೆ ಕೂಗ್ತಿದ್ದೆ. ಹೊತ್ತಿಗೆ ಸರಿಯಾಗಿ ಮಾಡಿದ್ರೆ ಸಾವು ಬಾಗಿಲಲ್ಲೇ ನಿಂತಿರುತ್ತೆ ಅಂತ ತಾನೇ? ನಿನ್ನ ಪಂಚಾಂಗ ನಿನ್ನ ಕೈಗೆ ಕಟ್ಕೊಂಡಿದ್ದೀಯ ಕಣೇ. ನಂದು ಐನೋರ ಕೈಲಿದೆ. ಅಷ್ಟೇ ವ್ಯತ್ಯಾಸ ಮಾರಾಯ್ತಿ."

ಇಷ್ಟು ವರ್ಷಗಳಲ್ಲಿ ಯಾರೂ ನನಗೆ ಅಷ್ಟು ಸರಿಯಾಗಿ ಹೊಡೆದಿರಲಿಲ್ಲ. ಅವಳು ಹೇಳಿದ್ದು ನಿಜ. ಆದರೆ ಅದಕ್ಕೆ ನನಗೆ ಆಗಲೂ ನಾಚಿಕೆ ಆಗಲಿಲ್ಲ, ಈಗಲೂ ಇಲ್ಲ. ಹೊತ್ತಿಗೆ ಸರಿಯಾಗಿ ಮಗ್ಗುಲು ಬದಲಿಸಿದ್ದರಿಂದ ಅವರ ಬೆನ್ನಿನಲ್ಲಿ ಒಂದೇ ಒಂದು ಹುಣ್ಣಾಗಲಿಲ್ಲ. ಸಾವು ಬಂದಾಗ ಬಂತು. ಬರುವ ತನಕ ಅದು ಆ ಮನುಷ್ಯನ ಚರ್ಮ ಮುಟ್ಟದ ಹಾಗೆ ನೋಡಿಕೊಂಡೆ. ಅಷ್ಟು ಹಿಡಿತ ಮನುಷ್ಯರಿಗೆ ಉಂಟು, ಅದನ್ನು ನಾನು ಯಾರಿಗೂ ಬಿಟ್ಟುಕೊಡುವುದಿಲ್ಲ.

"ಸರಿ," ಅಂದೆ. "ಹೇಳ್ತೀನಿ ಅಂತಲೇ ಇಟ್ಕೋ. ಎಂಟರ ಮೇಲೆ ಆಗಿತ್ತು ಅಂದ್ರೆ ನಂಬ್ತೀಯ?"

ಅವಳು ನನ್ನನ್ನೇ ನೋಡಿದಳು.

"ಇಲ್ಲ," ಅಂದಳು. "ನಂಬಲ್ಲ. ನಾನು ಇಲ್ಲಿರ್ಲಿ ಅಂತ ಸುಳ್ಳು ಹೇಳಿದ್ಲು ಅನ್ಕೊಳ್ತೀನಿ."

"ಎಂಟರ ಒಳಗೆ ಅಂದ್ರೆ?"

"ಅದನ್ನ ನಂಬ್ತೀನಿ."

"ಅಂದ್ರೆ ನೀನು ಕೇಳ್ತಿರೋದು ಹೊತ್ತಲ್ಲ. ಭಯಪಡೋಕೆ ಒಂದು ಅಪ್ಪಣೆ ಕೇಳ್ತಿದ್ದೀಯ. ಅದು ನನ್ನ ಬಾಯಿಂದ ಬರಲ್ಲ."

ಅವಳು ಕಲ್ಲಿನ ಮೇಲೆ ನನ್ನ ಪಕ್ಕ ಕುಸಿದು ಕೂತಳು. ಒಳಗಿನಿಂದ ಭಜನೆಯ ತಾಳ ಕೇಳಿಸುತ್ತಿತ್ತು. ಆಮೇಲೆ ಬೇರೆಯೇ ದನಿಯಲ್ಲಿ ಕೇಳಿದಳು:

"ನೋವಿತ್ತಾ?"

"ಇರ್ಲಿಲ್ಲ."

"ನನ್ನ ಕರೆದ್ರಾ?"

ಇಲ್ಲಿ ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ. "ಇಲ್ಲ. ನೀರು ಕೇಳಿದ್ರು. ಚಮಚದಲ್ಲಿ ಹಾಕಿದೆ. ಎರಡನೇ ಚಮಚ ಒಳಗೆ ಹೋಗಲಿಲ್ಲ. ಅಷ್ಟೇ."

"ನೀರು ಕೇಳಿದ್ರಾ?" ಅಂದಳು. "ನಾನು ಅಲ್ಲಿ ಕೊಡಗಟ್ಟಲೆ ಮೈಮೇಲೆ ಸುರ್ಕೊಳ್ತಿದ್ದೆ. ಅವರು ಒಂದು ಚಮಚ ನೀರು..." ಆಗ ಅತ್ತಳು. ಮೊದಲನೇ ಸಲ. ಹಾಸ್ಟೆಲಿನಲ್ಲೂ ಅವಳು ಅಳುವುದನ್ನು ನಾನು ಕಂಡಿರಲಿಲ್ಲ. ಗಟ್ಟಿಯಾಗಿ, ಬಾಯಿ ತೆರೆದು, ಎದೆ ಬಡಿದುಕೊಂಡು ಅತ್ತಳು. ಮೆಕ್ಯಾನಿಕ್ ಹಿತ್ತಲ ಬಾಗಿಲಿಗೆ ಬಂದು ನೋಡಿ, ಹಿಂದೆ ಬರುತ್ತಿದ್ದ ಹೆಂಗಸರನ್ನು ತಡೆದು, ಬಾಗಿಲು ಎಳೆದುಕೊಂಡು ಹೋದರು.

ಅಳು ನಿಂತ ಮೇಲೆ ಅವಳು ಹಂಡೆಯ ನೀರಲ್ಲಿ ಮುಖ ತೊಳೆದಳು. ಸೆರಗಿನಲ್ಲಿ ಒರೆಸಿಕೊಳ್ಳುತ್ತಾ ಹಿತ್ತಲನ್ನು ಒಂದು ಸುತ್ತು ನೋಡಿದಳು. "ಇಲ್ಲಿ ಇಷ್ಟು ಗಟ್ಟಿಯಾಗಿ ಅತ್ತೆ, ಯಾರೂ ಸುಮ್ನಿರು ಅನ್ಲಿಲ್ಲ. ಅವನ ಪೈಪಿನ ಕೋಣೇಲಿ ಅಳೋಕಾಗುತ್ತಾ?" ಎಂದಳು. ನನ್ನ ಉತ್ತರಕ್ಕೆ ಕಾಯದೆ ಒಳಗೆ ನಡೆದಳು.

ನಡುಮನೆಯಲ್ಲಿ ಗಂಡನ ಎದುರು ನಿಂತು ಐನೋರಿಗೆ ಕೈ ಮುಗಿದಳು. "ಹೊತ್ತು ಯಾರಿಗೂ ಗೊತ್ತಾಗಲ್ಲ ಸ್ವಾಮಿ. ಇವಳು ಹೇಳಲ್ಲ, ಹೇಳಿದ್ರೂ ನಾನು ನಂಬಲ್ಲ. ನಾನು ಮನೆ ಬಿಡಲ್ಲ. ಮಣ್ಣು ಮುಗಿಸಿ ಇದೇ ಬಾಗಿಲಿಂದ ಒಳಗೆ ಬರ್ತೀನಿ, ದೀಪ ಹಚ್ತೀನಿ."

"ಅತ್ತಿಗೆ, ನಿಮಗೆ ತಲೆ ಕೆಟ್ಟಿದೆಯಾ?" ಎಂದ ಮೈದುನ.

"ಕೆಟ್ಟಿರಬಹುದು. ಗಂಡ ಸತ್ತಿದ್ದಾನೆ, ಕೆಟ್ಟರೆ ತಪ್ಪೇನು? ನೀನು ಈ ಮನೆಗೆ ಬರೋಕೆ ಭಯ ಆದ್ರೆ ಮೂರು ತಿಂಗಳು ಬರಬೇಡ. ಬೇಜಾರಿಲ್ಲ. ಬೀಗ ಅಂಗಡಿಗೆ ವಾಪಸ್ ತಗೊಂಡು ಹೋಗು, ಕವರ್ ಬಿಚ್ಚಿಲ್ಲ, ಯಾರಾದ್ರೂ ತಗೊಳ್ತಾರೆ."

ಐನೋರು ಪಂಚಾಂಗ ಮಡಿಸಿ ಜೋಳಿಗೆಗೆ ಹಾಕಿದರು. "ಅನುಮಾನ ಇದ್ದಾಗ ಮನೆ ಬಿಡೋದೇ ಕ್ಷೇಮ ಅಂತ ನಾನು ಹೇಳ್ಬೇಕು, ಹೇಳಿದ್ದೀನಿ," ಎಂದರು. "ಇನ್ನು ನಿನ್ನಿಷ್ಟ ತಾಯಿ. ಹೊತ್ತಾಗ್ತಿದೆ, ಎತ್ತಿ."

ಮಧ್ಯಾಹ್ನ ಮೂರಕ್ಕೆ ಮಣ್ಣಾಯಿತು. ಹೋಗಿ ಬಂದೆವು. ಅವಳು ಹೇಳಿದ ಹಾಗೆಯೇ ಅದೇ ಹೊಸ್ತಿಲು ದಾಟಿ ಒಳಗೆ ಬಂದಳು. ಅವರನ್ನು ಕೂರಿಸಿದ್ದ ಜಾಗದಲ್ಲಿ ದೀಪ ಹಚ್ಚಿದಳು. ಬಂದಿದ್ದವರಲ್ಲಿ ಅರ್ಧ ಜನ ಹೊರಗೇ ನಿಂತರು, ಅಂಗಳದಲ್ಲೇ ಕೈಕಾಲು ತೊಳೆದು ಹೊರಟರು. ಮೆಕ್ಯಾನಿಕ್ ಮತ್ತು ಅವರ ಹೆಂಡತಿ ಒಳಗೆ ಬಂದರು. ಅವರ ಮನೆಯಿಂದ ಅನ್ನ, ಬೇಳೆ ಸಾರು ಬಂತು. ಆ ಓಣಿಯಲ್ಲಿ ಅಂದು ನಮ್ಮ ಜೊತೆ ಕೂತು ಉಂಡವರು ಅವರಿಬ್ಬರೇ.

ನಾಲ್ಕೂವರೆಗೆ ಹೊಳೆಹೊನ್ನೂರಿನಿಂದ ಬೀಗರ ಜೀಪು ಬಂತು. ಸುದ್ದಿ ಆಗಲೇ ಮುಟ್ಟಿತ್ತು. ಬೀಗಿತ್ತಿ ಗೇಟಿನ ಹೊರಗೆ ನಿಂತೇ ಮಾತಾಡಿದರು: ಸೊಸೆಯನ್ನು ಕಳಿಸಿಕೊಡಿ, ಹೆರಿಗೆ ನಮ್ಮಲ್ಲೇ ಆಗಲಿ. ಮಗಳು ತಾಯಿಯ ಮುಖ ನೋಡಿದಳು, ನನ್ನ ಮುಖ ನೋಡಿದಳು. "ದೊಡ್ಡಮ್ಮ, ನಂಗೆ ಭಯ ಆಗುತ್ತೆ," ಅಂದಳು ನನ್ನ ಹತ್ತಿರ, ಮೆಲ್ಲಗೆ.

ನಾನು ಏನೋ ಹೇಳಲು ಹೊರಟೆ. ಗೆಳತಿ ನನ್ನ ಕೈ ಅದುಮಿದಳು. "ಭಯ ಆದ್ರೆ ಹೋಗಮ್ಮ," ಅಂದಳು ಮಗಳಿಗೆ. "ಭಯ ಇಟ್ಕೊಂಡು ಇಲ್ಲಿರಬೇಡ. ನಿನ್ನ ಮೇಲೆ ನಂಗೆ ಸಿಟ್ಟಿಲ್ಲ." ಬಟ್ಟೆ ತುಂಬಿ, ಮಾತ್ರೆಗಳನ್ನು ಪೊಟ್ಟಣ ಕಟ್ಟಿ, ಯಾವುದು ಯಾವಾಗ ಅಂತ ಬೀಗಿತ್ತಿಗೆ ನಾನೇ ಎರಡು ಸಲ ಒಪ್ಪಿಸಿದೆ. ಜೀಪು ತಿರುವು ದಾಟುವ ತನಕ ಗೆಳತಿ ಗೇಟಿನಲ್ಲಿ ನಿಂತಿದ್ದಳು. ಬಾಣಂತನದ ಕೋಣೆಗೆಂದು ದೀಪಾವಳಿಗೆ ಮುಂಚೆಯೇ ಅವಳು ಸುಣ್ಣ ಹೊಡೆಸಿದ್ದಳು. ಆ ಕೋಣೆಯ ಬಾಗಿಲನ್ನು ಮುಂದು ಮಾಡಿ ಬಂದಳು.

ಆಮೇಲೆ ಏನಾಯಿತು ಎಂದು ಕೇಳುವವರಿಗೆ ಹೇಳಿಬಿಡುತ್ತೇನೆ. ಮಗು ಹುಟ್ಟಿತು, ಗಟ್ಟಿಮುಟ್ಟಾಗಿದೆ, ರಜೆಗೆ ಬಂದರೆ ಆ ಮನೆಯ ತುಂಬ ಓಡುತ್ತದೆ. ಮೈದುನ ಎರಡು ವರ್ಷ ಕಳೆದು ಎದೆನೋವಿನಿಂದಲೇ ಹೋದ. ಜನ ನನ್ನ ಕಡೆ ನೋಡಿದರು. ಆ ಮಗುವನ್ನು ನಾನು ನನ್ನ ಕಡೆಯ ಸಾಕ್ಷಿ ಮಾಡಿಕೊಳ್ಳಲಿಲ್ಲ, ಈ ಸಾವನ್ನು ಅವರ ಕಡೆಯ ಸಾಕ್ಷಿ ಮಾಡಿಕೊಳ್ಳಲು ಬಿಡಲೂ ಇಲ್ಲ. ಹುಟ್ಟುವವರು ಹುಟ್ಟಿದರು, ಹೋಗುವವರು ಹೋದರು. ಗೆಳತಿ ಮತ್ತೆ ಒಮ್ಮೆಯೂ ಹೊತ್ತು ಕೇಳಲಿಲ್ಲ. ಬೇರೆಯವರು ಈಗಲೂ ಕೇಳುತ್ತಾರೆ. ಉತ್ತರ ಅದೇ.

ಆ ಸಂಜೆ ನಾನು ಬಸ್ಸಿಗೆ ಹೋಗಲಿಲ್ಲ. ಉಳಿಯುತ್ತೇನೆ ಅಂತ ನಾನು ಹೇಳಲಿಲ್ಲ, ಉಳಿ ಅಂತ ಅವಳೂ ಹೇಳಲಿಲ್ಲ. ಬೆಳಕು ಇನ್ನೂ ಇತ್ತು, ಮಾಡಬೇಕಾದ ಕೆಲಸ ಇತ್ತು. ಮಂಚವನ್ನು ಅಂಗಳಕ್ಕೆ ಎಳೆದು ಬಿಸಿನೀರು ಸುರಿದೆವು. ನಡುಮನೆಯನ್ನು ಫಿನಾಯಿಲ್ ಹಾಕಿ ಎರಡು ಸಲ ಒರೆಸಿದೆ. ಅವರು ಹೊದೆಯುತ್ತಿದ್ದ ದೊಡ್ಡ ದುಪ್ಪಟಿ ಬಿಸಿನೀರು, ಡೆಟಾಲ್‌ನಲ್ಲಿ ನೆನೆದ ಮೇಲೆ ಕಲ್ಲಿನಷ್ಟು ಭಾರವಾಗಿತ್ತು. ಒಬ್ಬರಿಂದ ಹಿಂಡಲಾಗುತ್ತಿರಲಿಲ್ಲ. ಅವಳು ಒಂದು ತುದಿ ಹಿಡಿದಳು, ನಾನು ಇನ್ನೊಂದು ತುದಿ ಹಿಡಿದೆ. ಅವಳು ಬಲಕ್ಕೆ ತಿರುಗಿಸಿದಳು, ನಾನು ಎಡಕ್ಕೆ.

"ಇನ್ನೂ ಗಟ್ಟಿ ಹಿಡಿಯೇ," ಅಂದಳು. "ಊಟ ಮಾಡಿದ್ದೀಯ ತಾನೇ?"

"ನೀನು ಮೊದಲು ನಿನ್ನ ಕಡೆ ಬಿಡದೆ ಹಿಡಿ."

ನೀರು ಇಬ್ಬರ ಕಾಲ ಮೇಲೂ ಸುರಿಯಿತು. ಕೊನೆಯ ಹನಿಯವರೆಗೂ ಹಿಂಡಿದೆವು. ಕೊಡವಿ, ತಂತಿಯ ಮೇಲೆ ಹಾಕಿ, ಅಂಚಿಗೆ ಅಂಚು ಸೇರಿಸಿ ನೇರ ಮಾಡಿ, ಕ್ಲಿಪ್ಪು ಸಿಕ್ಕಿಸಿದೆ.